ಕೋಡ್ ಕವರೇಜ್ ಟೂಲ್ ಆರಿಸುವುದು ಹೇಗೆ: ಪರ್ಸೆಂಟೇಜ್‌ಗಿಂತ ಮುಂಚೆ ಛೇದ ನೋಡಿ

ಒಂದು ಪೈಥಾನ್ ಪ್ರಾಜೆಕ್ಟ್‌ಗೆ ನಾನು ಹೊಸದಾಗಿ ಸೇರಿದ್ದೆ. ಕವರೇಜ್, ಅಂದರೆ ಟೆಸ್ಟ್ ಓಡಿಸಿದಾಗ ಕೋಡ್‌ನ ಎಷ್ಟು ಪಾಲು ಓಡಿತು ಅನ್ನುವ ಲೆಕ್ಕ, ತೊಂಬತ್ತು ಪರ್ಸೆಂಟ್ ಮೇಲಿತ್ತು. ಖುಷಿಯಾಯಿತು. ಮೂರನೇ ವಾರ ಒಂದು ಬಗ್ ಬಂತು, ಆ ಫೈಲನ್ನು ರಿಪೋರ್ಟ್‌ನಲ್ಲಿ ಹುಡುಕಿದರೆ ಫೈಲೇ ಇಲ್ಲ! ಕೆಂಪಾಗಿಯೂ (ಓಡದ ಸಾಲು) ಇಲ್ಲ, ಹಸಿರಾಗಿಯೂ (ಓಡಿದ ಸಾಲು) ಇಲ್ಲ. ಪಟ್ಟಿಯಲ್ಲೇ ಇಲ್ಲ. ಕೆದಕಿ ನೋಡಿದ ಮೇಲೆ ಗೊತ್ತಾಯಿತು, ಯಾವ ಟೆಸ್ಟ್ ಕೂಡ ಇಂಪೋರ್ಟ್ ಮಾಡದ ಫೈಲುಗಳು ಲೆಕ್ಕಕ್ಕೇ ಬಂದಿರಲಿಲ್ಲ. ಕೋಡ್ ಯಾವ ಫೋಲ್ಡರ್‌ನಲ್ಲಿದೆ ಅಂತ ಟೂಲ್‌ಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ಒಂದು ಸಾಲಿನ ಸೆಟ್ಟಿಂಗ್ ಸೇರಿಸಿದ್ದೇ ತಡ, ಆ ತೊಂಬತ್ತು ಅರವತ್ತರ ಕೆಳಗೆ ಬಂದು ಕೂತಿತು. ಹಿಂದಿನ ಎರಡು ವರ್ಷ ಆ ನಂಬರನ್ನು ಎಷ್ಟು ಮೀಟಿಂಗ್‌ಗಳಲ್ಲಿ ತೋರಿಸಿದ್ದರೋ!

ಕವರೇಜ್ ಅನ್ನುವುದು ಶಾಲೆಯಲ್ಲಿ ಕಲಿತ ಭಿನ್ನರಾಶಿ. ಟೆಸ್ಟ್ ಓಡಿಸಿದಾಗ ಓಡಿದ ಕೋಡ್ ಮೇಲೆ, ಓಡಬಹುದಾಗಿದ್ದ ಒಟ್ಟು ಕೋಡ್ ಕೆಳಗೆ. ಎಲ್ಲರೂ ಮೇಲಿನ ಅಂಶವನ್ನೇ ನೋಡುತ್ತಾರೆ. ಟೂಲ್ ಆರಿಸುವಾಗ ನೀವು ನಿಜವಾಗಿ ಆರಿಸುತ್ತಿರುವುದು ಕೆಳಗಿನ ಛೇದವನ್ನು. ಅದರಲ್ಲಿ ಏನು ಸೇರಿದೆ, ಏನು ಬಿಟ್ಟುಹೋಗಿದೆ, ಸಾಲು ಎಣಿಸುತ್ತಿದೆಯೋ ದಾರಿ ಎಣಿಸುತ್ತಿದೆಯೋ, ಇದೇ ಮುಖ್ಯ ವಿಷಯ. ರಿಪೋರ್ಟ್‌ನ ಬಣ್ಣ, ಗ್ರಾಫ್, ಬ್ಯಾಡ್ಜ್ ಎಲ್ಲ ಆಮೇಲೆ.

ಹಂತ 1: ಯಾಕೆ ಬೇಕು ಅಂತ ಒಂದು ವಾಕ್ಯ ಬರೆಯಿರಿ

ಒಂದೇ ವಾಕ್ಯ ಸಾಕು, ಆದರೆ ಬರೆಯಲೇಬೇಕು. ಸಾಮಾನ್ಯವಾಗಿ ಮೂರು ಥರದ ಉತ್ತರ ಬರುತ್ತದೆ. ಒಂದು, "ಪುಲ್ ರಿಕ್ವೆಸ್ಟ್‌ನಲ್ಲಿ (ನನ್ನ ಕೋಡ್ ಸೇರಿಸಿಕೊಳ್ಳಿ ಅನ್ನುವ ಕೋರಿಕೆಯಲ್ಲಿ) ಬಂದ ಹೊಸ ಕೋಡ್‌ಗೆ ಟೆಸ್ಟ್ ಇದೆಯಾ ಅಂತ ರಿವ್ಯೂ ಮಾಡುವವರಿಗೆ ಕಾಣಬೇಕು." ಎರಡು, "ಈ ಹಳೇ ಕೋಡ್ ಮುಟ್ಟುವ ಮುಂಚೆ ಎಲ್ಲೆಲ್ಲಿ ಟೆಸ್ಟ್ ಇಲ್ಲ ಅಂತ ಗೊತ್ತಾಗಬೇಕು." ಮೂರು, "ನಮ್ಮ ಸಾಫ್ಟ್‌ವೇರ್ ವಿಮಾನದಲ್ಲೋ ಕಾರಿನ ಬ್ರೇಕ್‌ನಲ್ಲೋ ಓಡುತ್ತದೆ, ಆಡಿಟರ್‌ಗೆ ಪುರಾವೆ ಕೊಡಬೇಕು."

ಮೂರನೆಯದು ನಿಮ್ಮದಾದರೆ ಆಯ್ಕೆ ಅರ್ಧ ಮುಗಿದಂತೆ. ವಿಮಾನದ ಸಾಫ್ಟ್‌ವೇರ್‌ಗೆ ಇರುವ ಡಿಒ-178ಸಿ ನಿಯಮಾವಳಿಯಲ್ಲಿ ಲೆವೆಲ್ ಸಿ ಆದರೆ ಸ್ಟೇಟ್‌ಮೆಂಟ್ ಕವರೇಜ್ (ಪ್ರತಿ ಹೇಳಿಕೆ ಓಡಿತಾ), ಬಿ ಆದರೆ ಡಿಸಿಷನ್ ಕವರೇಜ್ (ಪ್ರತಿ ತೀರ್ಮಾನ ಎರಡೂ ಕಡೆ ಹೋಯಿತಾ) ಕೂಡ, ಅತಿ ಕಠಿಣವಾದ ಎ ಆದರೆ ಎಂಸಿ/ಡಿಸಿ (ಹಂತ 2ರಲ್ಲಿ ವಿವರಿಸಿದ್ದೇನೆ) ಕೂಡ ಬೇಕು. ಕಾರುಗಳ ಐಎಸ್‌ಒ 26262ರಲ್ಲೂ ಅತಿ ಕಠಿಣವಾದ ಎಎಸ್‌ಐಎಲ್-ಡಿ ಮಟ್ಟಕ್ಕೆ ಎಂಸಿ/ಡಿಸಿಯನ್ನು ಬಲವಾಗಿ ಶಿಫಾರಸು ಮಾಡಿದ್ದಾರೆ. ಅಲ್ಲಿ ಟೂಲ್ ಕೆಲಸ ಮಾಡಿದರೆ ಸಾಲದು, ಅದನ್ನು ನಂಬಬಹುದು ಅನ್ನುವುದಕ್ಕೂ ಕಾಗದ ಬೇಕು. ಅದಕ್ಕೇ ವೆಕ್ಟರ್‌ಕಾಸ್ಟ್, ಎಲ್‌ಡಿಆರ್‌ಎ ಥರದ ದುಡ್ಡು ಕೊಟ್ಟು ಕೊಳ್ಳುವ ಟೂಲುಗಳು ಇನ್ನೂ ಬದುಕಿರುವುದು. ನೀವು ವೆಬ್ ಆ್ಯಪ್ ಬರೆಯುತ್ತಿದ್ದರೆ ಆ ಕಡೆ ತಲೆ ಹಾಕುವುದೇ ಬೇಡ.

ಹಂತ 2: ಟೂಲ್ ಏನನ್ನು ಎಣಿಸುತ್ತದೆ ಅಂತ ಕೇಳಿ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಜಾಸ್ತಿ ಜನ ಎಡವುವುದು ಇಲ್ಲೇ.

ಒಂದು ಚಿಕ್ಕ ಫಂಕ್ಷನ್ ಅಂದುಕೊಳ್ಳಿ. ಮೊದಲ ಸಾಲಿನಲ್ಲಿ ರಿಯಾಯಿತಿ ಸೊನ್ನೆ. ಎರಡನೇ ಸಾಲಿನಲ್ಲಿ "ಗ್ರಾಹಕ ಸದಸ್ಯನಾಗಿದ್ದರೆ ಅಥವಾ ಕೂಪನ್ ಇದ್ದರೆ" ಅಂತ ಒಂದು ಇಫ್. ಮೂರನೇ ಸಾಲು ಆ ಇಫ್ ಒಳಗೆ, ರಿಯಾಯಿತಿ ಹತ್ತು. ನಾಲ್ಕನೇ ಸಾಲು ರಿಟರ್ನ್. ಎಲ್ಸ್ ಇಲ್ಲ. ಈಗ ಸದಸ್ಯನೊಬ್ಬನನ್ನು ಕಳಿಸಿ ಒಂದೇ ಒಂದು ಟೆಸ್ಟ್ ಬರೆಯಿರಿ.

ಲೈನ್ ಕವರೇಜ್ ಎಷ್ಟು? ನಾಲ್ಕಕ್ಕೆ ನಾಲ್ಕು, 100 ಪರ್ಸೆಂಟ್. ಸದಸ್ಯನೂ ಅಲ್ಲದ, ಕೂಪನ್ನೂ ಇಲ್ಲದ ಗ್ರಾಹಕನನ್ನು ಯಾರೂ ಪರೀಕ್ಷೆ ಮಾಡಿಲ್ಲ, ಆದರೂ ಎಲ್ಲ ಹಸಿರು. ಬ್ರಾಂಚ್ ಕವರೇಜ್ ಇಟ್ಟರೆ ಇಫ್ ಸುಳ್ಳಾದ ದಾರಿಯಲ್ಲಿ ಯಾರೂ ನಡೆದಿಲ್ಲ ಅಂತ ಹೇಳುತ್ತದೆ. (ಈ ಬ್ರಾಂಚ್‌ಗೂ ಗಿಟ್‌ನ ಬ್ರಾಂಚ್‌ಗೂ ಸಂಬಂಧವಿಲ್ಲ, ಹೊಸಬರು ಒಂದು ದಿನವಾದರೂ ಇದರಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ.) ಸರಿ, ಎರಡನೇ ಟೆಸ್ಟ್ ಸೇರಿಸಿ: ಸದಸ್ಯನಲ್ಲ, ಕೂಪನ್ ಇಲ್ಲ. ಈಗ ಇಡೀ ಇಫ್ ಅನ್ನು ಒಂದೇ ತೀರ್ಮಾನ ಅಂತ ನೋಡುವ ಟೂಲ್ ತೃಪ್ತಿಯಾಗುತ್ತದೆ. ಆದರೆ ಕೂಪನ್ ಒಂದೇ ಇದ್ದಾಗ ರಿಯಾಯಿತಿ ಸಿಗುತ್ತದಾ? ಅದು ಇನ್ನೂ ಯಾರಿಗೂ ಗೊತ್ತಿಲ್ಲ.

ಎಂಸಿ/ಡಿಸಿ ಬರುವುದು ಅಲ್ಲಿ. ಪ್ರತಿ ಕಂಡೀಷನ್ ತಾನೊಂದೇ ಬದಲಾದಾಗ ಇಡೀ ಫಲಿತಾಂಶ ಬದಲಾಗುತ್ತದೆ ಅಂತ ತೋರಿಸಬೇಕು. ಎರಡು ಕಂಡೀಷನ್‌ಗೆ ಕಡೇಪಕ್ಷ ಮೂರು ಟೆಸ್ಟ್, ಐದಕ್ಕೆ ಆರು. ಮೊದಲೆಲ್ಲ ಇದು ದುಡ್ಡಿನ ಟೂಲುಗಳ ಆಸ್ತಿಯಾಗಿತ್ತು. 2024ರಲ್ಲಿ ಬಂದ, ಉಚಿತವಾಗಿ ಸಿಗುವ ಕಂಪೈಲರ್‌ಗಳಾದ ಜಿಸಿಸಿ 14 ಮತ್ತು ಎಲ್‌ಎಲ್‌ವಿಎಂ 18 ಎರಡರಲ್ಲೂ ಇದು ಸೇರಿಕೊಂಡಿದೆ. ಸಿ ಮತ್ತು ಸಿ ಪ್ಲಸ್ ಪ್ಲಸ್ ಬರೆಯುವವರಿಗೆ ಇದು ಸಣ್ಣ ವಿಷಯವಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಬ್ರಾಂಚ್ ಕವರೇಜ್ ಕೊಡುವ ಟೂಲ್ ಸಿಗುವ ಭಾಷೆಯಲ್ಲಿ ಬರೀ ಲೈನ್ ಕವರೇಜ್‌ಗೆ ಒಪ್ಪಬೇಡಿ. ಹಾಗಂತ ಟೂಲ್‌ನಲ್ಲಿ ಇದೆ ಅಂದ ಮಾತ್ರಕ್ಕೆ ಆನ್ ಆಗಿರುತ್ತದೆ ಅಂತ ಇಲ್ಲ. ಪೈಥಾನ್‌ನ ಕವರೇಜ್.ಪೈ ಸುಮ್ನೆ ಓಡಿಸಿದರೆ ಬ್ರಾಂಚ್ ಅಳೆಯುವುದಿಲ್ಲ, ನೀವೇ ಆಪ್ಷನ್ ಕೊಡಬೇಕು. ಎಷ್ಟೋ ಟೀಮ್‌ಗಳು ವರ್ಷಗಟ್ಟಲೆ ಅದನ್ನು ಆಫ್ ಮಾಡಿಟ್ಟುಕೊಂಡೇ ಇರುತ್ತವೆ.

ಹಂತ 3: ನಿಮ್ಮ ಭಾಷೆಯಲ್ಲಿ ಏನಿದೆ

ಆಯ್ಕೆ ಅಂತ ದೊಡ್ಡದಾಗಿ ಹೇಳುತ್ತೇವೆ, ನಿಜದಲ್ಲಿ ಒಂದೊಂದು ಭಾಷೆಗೆ ಒಂದೋ ಎರಡೋ ಟೂಲ್ ಇರುತ್ತವೆ.

ಜಾವಾದಲ್ಲಿ ಜಾಕೊಕೊ. ಬೇರೆ ಯೋಚನೆ ಮಾಡುವ ಅಗತ್ಯ ಕಡಿಮೆ. ಹಿಂದೆ ಹೆಸರು ಮಾಡಿದ್ದ ಕೊಬರ್ಟುರಾದ ಕೊನೇ ಬಿಡುಗಡೆ 2015ರದ್ದು, ಹೊಸ ಪ್ರಾಜೆಕ್ಟ್‌ಗೆ ಅದನ್ನು ಹಾಕಬೇಡಿ. ತಮಾಷೆ ಏನೆಂದರೆ ಟೂಲ್ ನಿಂತುಹೋದರೂ ಅದರ ಎಕ್ಸ್‌ಎಂಎಲ್ ಫಾರ್ಮ್ಯಾಟ್ ಮಾತ್ರ ಇವತ್ತಿಗೂ ಹತ್ತಾರು ಟೂಲುಗಳಲ್ಲಿ ಜೀವಂತವಾಗಿದೆ. ಅಟ್ಲಾಸಿಯನ್‌ನ ಕ್ಲೋವರ್ 2017ರಲ್ಲಿ ಓಪನ್ ಸೋರ್ಸ್ ಆಯಿತು, ಈಗ ಓಪನ್‌ಕ್ಲೋವರ್ ಅನ್ನುವ ಹೆಸರಿನಲ್ಲಿದೆ. ಕೋಟ್ಲಿನ್ ಜಾಸ್ತಿ ಬರೆಯುವವರು ಜೆಟ್‌ಬ್ರೈನ್ಸ್‌ನ ಕೋವರ್ ಕೂಡ ನೋಡಬಹುದು.

ಪೈಥಾನ್‌ನಲ್ಲಿ ಕವರೇಜ್.ಪೈ. ಪೈಟೆಸ್ಟ್ ಜೊತೆ ಬಳಸುವ ಪೈಟೆಸ್ಟ್-ಕವ್ ಕೂಡ ಒಳಗೆ ಅದನ್ನೇ ಓಡಿಸುತ್ತದೆ, ಬೇರೆ ಟೂಲ್ ಅಲ್ಲ.

ಜಾವಾಸ್ಕ್ರಿಪ್ಟ್‌ನಲ್ಲಿ ನಿಜವಾದ ಆಯ್ಕೆ ಇದೆ. ಒಂದು ಕಡೆ ಇಸ್ತಾಂಬುಲ್, ಇನ್ನೊಂದು ಕಡೆ ವಿ8 ಎಂಜಿನ್ (ಕ್ರೋಮ್, ನೋಡ್ ಜಾವಾಸ್ಕ್ರಿಪ್ಟ್ ಓಡಿಸುವುದು ಇದರಲ್ಲೇ) ಒಳಗೇ ಇರುವ ಕವರೇಜ್. ನೋಡ್‌ನಲ್ಲಿ ಎನ್‌ವೈಸಿ ಮೊದಲನೆಯ ದಾರಿ, ಸಿ8 ಎರಡನೆಯದು. ಟೆಸ್ಟ್ ಓಡಿಸುವ ಜೆಸ್ಟ್‌ನಲ್ಲಿ ಎರಡೂ ಇವೆ, ಹೇಳದಿದ್ದರೆ ಮೊದಲನೆಯದು ಓಡುತ್ತದೆ. ವೈಟೆಸ್ಟ್‌ನಲ್ಲೂ ಎರಡೂ ಇವೆ, ಅಲ್ಲಿ ಹೇಳದಿದ್ದರೆ ವಿ8.

ಗೋ ಭಾಷೆಯವರು ಅದೃಷ್ಟವಂತರು. 2013ರ ಕೊನೆಯಲ್ಲಿ ಬಂದ 1.2 ಆವೃತ್ತಿಯಿಂದ ಕವರೇಜ್ ಭಾಷೆಯ ಜೊತೆಗೇ ಬರುತ್ತದೆ. ಆದರೆ ಅದು ಎಣಿಸುವುದು ಸ್ಟೇಟ್‌ಮೆಂಟ್, ಬ್ರಾಂಚ್ ಅಲ್ಲ. ಇದನ್ನು ಗೊತ್ತಿಟ್ಟುಕೊಂಡೇ ಆ ಪರ್ಸೆಂಟೇಜ್ ಓದಿ.

ಸಿ, ಸಿ ಪ್ಲಸ್ ಪ್ಲಸ್‌ಗೆ ಜಿಸಿಸಿ ಬಳಸುವವರಾದರೆ ಜಿಕವ್, ಅದರ ಮೇಲೆ ಓದಲು ಚೆನ್ನಾಗಿರುವ ರಿಪೋರ್ಟ್‌ಗೆ ಎಲ್‌ಕವ್ ಅಥವಾ ಜಿಕವರ್. ಕ್ಲ್ಯಾಂಗ್ (ಎಲ್‌ಎಲ್‌ವಿಎಂನ ಸಿ ಕಂಪೈಲರ್) ಬಳಸುವವರಿಗೆ ಎಲ್‌ಎಲ್‌ವಿಎಂ-ಕವ್. ರಸ್ಟ್‌ನವರಿಗೆ ಕಾರ್ಗೋ-ಎಲ್‌ಎಲ್‌ವಿಎಂ-ಕವ್ ಅಥವಾ ಟಾರ್ಪಾಲಿನ್. ಡಾಟ್‌ನೆಟ್‌ನಲ್ಲಿ ಕವರ್ಲೆಟ್. ರೂಬಿಯಲ್ಲಿ ಸಿಂಪಲ್‌ಕವ್. ಪಿಎಚ್‌ಪಿಯಲ್ಲಿ ಎಕ್ಸ್‌ಡೀಬಗ್ ಅಥವಾ ಪಿಕವ್: ಪಿಕವ್ ವೇಗ ಜಾಸ್ತಿ ಆದರೆ ಲೈನ್ ಮಾತ್ರ, ಎಕ್ಸ್‌ಡೀಬಗ್ ನಿಧಾನ ಆದರೆ ಬ್ರಾಂಚ್ ಮತ್ತು ಪಾತ್ ಕೂಡ ಕೊಡುತ್ತದೆ. ಸ್ವಿಫ್ಟ್ ಬರೆಯುವವರಿಗೆ ಎಕ್ಸ್‌ಕೋಡ್‌ನಲ್ಲೇ ಇದೆ.

ಹಂತ 4: ಒಳಗೆ ಹೇಗೆ ಅಳೆಯುತ್ತದೆ ಅಂತ ಸ್ವಲ್ಪ ಇಣುಕಿ ನೋಡಿ

ಇದನ್ನು ಬಿಟ್ಟುಬಿಡೋಣ ಅನ್ನಿಸುತ್ತದೆ. ಬಿಡಬೇಡಿ, ಮುಂದೆ ಬರುವ ವಿಚಿತ್ರಗಳಲ್ಲಿ ಮುಕ್ಕಾಲು ಇಲ್ಲಿಂದಲೇ ಹುಟ್ಟುತ್ತವೆ.

ಇಸ್ತಾಂಬುಲ್ ನಿಮ್ಮ ಸೋರ್ಸ್ ಕೋಡ್ ಒಳಗೆ ಪ್ರತಿ ಹೇಳಿಕೆಯ ಪಕ್ಕ ಒಂದೊಂದು ಕೌಂಟರ್ ತುರುಕುತ್ತದೆ, ಆಮೇಲೆ ಅದನ್ನು ಓಡಿಸುತ್ತದೆ. ವಿ8 ದಾರಿಯಲ್ಲಿ ಕೋಡ್ ಮುಟ್ಟುವುದಿಲ್ಲ, ಎಂಜಿನ್ ತಾನೇ ಎಣಿಸಿಕೊಳ್ಳುತ್ತದೆ. ಹಾಗಾಗಿ ಹಗುರ. ಆದರೆ ಟೈಪ್‌ಸ್ಕ್ರಿಪ್ಟ್ ಬರೆದಿದ್ದರೆ ಎಂಜಿನ್ ನೋಡುವುದು ಅನುವಾದವಾಗಿ ಬಂದ ಜಾವಾಸ್ಕ್ರಿಪ್ಟನ್ನು. ಅಲ್ಲಿಂದ ನಿಮ್ಮ ಮೂಲ ಸಾಲಿಗೆ ವಾಪಸ್ ಬರಲು ಸೋರ್ಸ್ ಮ್ಯಾಪ್ ಬೇಕು. ಮ್ಯಾಪ್ ಕೆಟ್ಟಿದ್ದರೆ ಕೆಂಪು ಬಣ್ಣ ಒಂದು ಸಾಲು ಆಚೆ ಈಚೆ ಬೀಳುತ್ತದೆ, ಖಾಲಿ ಸಾಲು ಕೆಂಪಾಗಿ ಕಾಣುತ್ತದೆ, ನೀವು ಅರ್ಧ ದಿನ ತಲೆ ಕೆರೆದುಕೊಳ್ಳುತ್ತೀರಿ.

ಜಾಕೊಕೊ ಸೋರ್ಸ್ ಮುಟ್ಟುವುದಿಲ್ಲ, ಜಾವಾ ಏಜೆಂಟ್ ಆಗಿ (ಪ್ರೋಗ್ರಾಂ ಜೊತೆಗೇ ಓಡುವ ಸಹಾಯಕನಾಗಿ) ಕೂತು ಕ್ಲಾಸ್ ಲೋಡ್ ಆಗುವಾಗ ಬೈಟ್‌ಕೋಡ್‌ನಲ್ಲಿ (ಕಂಪೈಲ್ ಆದ ಕೋಡ್‌ನಲ್ಲಿ) ಅಲ್ಲಲ್ಲಿ ಪ್ರೋಬ್, ಅಂದರೆ ಗುರುತು, ಇಡುತ್ತದೆ. ಪ್ರೋಬ್ ದಾಟಿದರೆ ಅದರ ಹಿಂದಿನ ಕೋಡ್ ಓಡಿತು ಅಂತ ಅರ್ಥ. ದಾಟುವ ಮುಂಚೆಯೇ ಎಕ್ಸೆಪ್ಷನ್ ಬಂದರೆ? ಆ ಸಾಲು ಓಡಿದ್ದರೂ ಕೆಂಪು! ನಿಮ್ಮ ಟೆಸ್ಟ್ ಆ ಎಕ್ಸೆಪ್ಷನ್ ಬರುತ್ತದಾ ಅಂತಲೇ ಪರೀಕ್ಷಿಸುತ್ತಿರಬಹುದು, ಆದರೂ ಕೆಂಪು. ಇದು ಬಗ್ ಅಲ್ಲ, ವಿನ್ಯಾಸವೇ ಹಾಗಿದೆ. ಗೊತ್ತಿಲ್ಲದವರು ಮಾತ್ರ ಅಲ್ಲಿ ಇನ್ನೊಂದು, ಮತ್ತೊಂದು ಟೆಸ್ಟ್ ಬರೆಯುತ್ತಾ ಕೂರುತ್ತಾರೆ.

ಕವರೇಜ್.ಪೈ ಇಂಟರ್‌ಪ್ರಿಟರ್‌ನ ಟ್ರೇಸ್ ಹುಕ್ ಹಿಡಿದುಕೊಂಡು ಪ್ರತಿ ಸಾಲಿಗೂ ಸುದ್ದಿ ತರಿಸಿಕೊಳ್ಳುತ್ತದೆ. ಟೆಸ್ಟ್ ನಿಧಾನ ಆಗುವುದು ಅದಕ್ಕೇ. ಪೈಥಾನ್ 3.12ರಲ್ಲಿ ಮಾನಿಟರಿಂಗ್‌ಗೆ ಹೊಸ, ಹಗುರವಾದ ದಾರಿ ಬಂದಿದೆ, ಕವರೇಜ್.ಪೈಗೆ ಅದನ್ನು ಬಳಸು ಅಂತ ಹೇಳಬಹುದು. ಟೆಸ್ಟ್ ತುಂಬಾ ಎಳೆಯುತ್ತಿದ್ದರೆ ಮೊದಲು ಅದನ್ನು ಪ್ರಯತ್ನಿಸಿ.

ಜಿಕವ್‌ನದು ಬೇರೆಯೇ ಕಥೆ. ಕಂಪೈಲ್ ಮಾಡುವಾಗ .ಜಿಸಿಎನ್‌ಒ ಫೈಲ್ ಹುಟ್ಟುತ್ತದೆ, ಪ್ರೋಗ್ರಾಂ ಓಡಿ ಮುಗಿಯುವಾಗ .ಜಿಸಿಡಿಎ ಫೈಲ್ ಬರೆಯುತ್ತದೆ. "ಮುಗಿಯುವಾಗ" ಅನ್ನುವುದನ್ನು ಗಮನಿಸಿ. ನಡುವೆ ಕಿಲ್ ಮಾಡಿದರೆ ಆ ಓಟದ ಲೆಕ್ಕ ಗಾಳಿಗೆ ಹೋಯಿತು. ಇನ್ನೊಂದು, ಮುಂದಿನ ಸಲ ಓಡಿಸಿದಾಗ ಹಳೇ ಲೆಕ್ಕದ ಮೇಲೇ ಕೂಡಿಸುತ್ತಾ ಹೋಗುತ್ತದೆ. ಸೊನ್ನೆ ಮಾಡದೆ ಓಡಿಸಿದರೆ, ನಿನ್ನೆ ನೀವು ಅಳಿಸಿ ಹಾಕಿದ ಟೆಸ್ಟ್‌ನ ಪುಣ್ಯ ಇವತ್ತಿನ ರಿಪೋರ್ಟ್‌ಗೂ ಸೇರಿಕೊಂಡಿರುತ್ತದೆ. ಆಪ್ಟಿಮೈಸೇಷನ್ ಆನ್ ಇದ್ದರೆ ಕಂಪೈಲರ್ ಸಾಲುಗಳನ್ನು ಸೇರಿಸಿ ಕಲಸಿಬಿಡುತ್ತದೆ, ಹಾಗಾಗಿ ಕವರೇಜ್ ಬಿಲ್ಡ್‌ಗೆ ಅದನ್ನು ಆಫ್ ಮಾಡಿ.

ಆಫ್ ಮಾಡಿದರೆ ನೀವು ಅಳೆದದ್ದು ಒಂದು ಬಿಲ್ಡ್, ಜನರಿಗೆ ಕೊಟ್ಟಿದ್ದು ಇನ್ನೊಂದು ಬಿಲ್ಡ್, ಅಲ್ವಾ? ಎಸ್‌ಕ್ಯೂಲೈಟ್ ಡೇಟಾಬೇಸ್ ಬರೆಯುವವರು ಇದಕ್ಕೆ ಸರಳ ಉಪಾಯ ಮಾಡಿದ್ದಾರೆ. ತಮ್ಮ ಮುಖ್ಯ ಕೋಡ್‌ಗೆ 100 ಪರ್ಸೆಂಟ್ ಬ್ರಾಂಚ್ ಕವರೇಜ್ ಇಟ್ಟುಕೊಂಡಿರುವ ಆ ಟೀಮ್, ಜಿಕವ್ ಜೊತೆ ಟೆಸ್ಟ್ ಓಡಿಸಿದ ಮೇಲೆ ಜಿಕವ್ ಇಲ್ಲದ ನಿಜವಾದ ಬಿಲ್ಡ್ ಮೇಲೂ ಅದೇ ಟೆಸ್ಟುಗಳನ್ನು ಮತ್ತೆ ಓಡಿಸುತ್ತದೆ. ಉತ್ತರ ಎರಡೂ ಕಡೆ ಒಂದೇ ಬರಬೇಕು. ನೀವೂ ಹಾಗೇ ಮಾಡಿ. ಕವರೇಜ್ ಓಟ ಬೇರೆ, ಟೆಸ್ಟ್ ಪಾಸ್ ಆಯಿತಾ ಅಂತ ನೋಡುವ ಓಟ ಬೇರೆ.

ಹಂತ 5: ಪ್ರಾಜೆಕ್ಟ್‌ಗೆ ಹಾಕುವ ಮುಂಚೆ ಇಪ್ಪತ್ತು ಸಾಲಿನ ಫೈಲ್ ಮೇಲೆ ಓಡಿಸಿ

ಹೊಸ ತಕ್ಕಡಿ ತಂದವರು ಮೊದಲು ಗೊತ್ತಿರುವ ತೂಕ ಇಟ್ಟು ನೋಡುತ್ತಾರಲ್ಲ, ಹಾಗೆ. ಉತ್ತರ ನಿಮಗೆ ಮೊದಲೇ ಗೊತ್ತಿರುವ ಒಂದು ಪುಟ್ಟ ಫೈಲ್ ಬರೆಯಿರಿ, ಟೂಲ್ ಅದೇ ಉತ್ತರ ಕೊಡುತ್ತದಾ ನೋಡಿ. ಅರ್ಧ ಗಂಟೆಯ ಕೆಲಸ.

ಆ ಫೈಲಿನಲ್ಲಿ ಇವಿಷ್ಟು ಇರಲಿ. ಮೊದಲು, ಮೇಲೆ ಹೇಳಿದ ರಿಯಾಯಿತಿಯ ಫಂಕ್ಷನ್, ಸದಸ್ಯನ ಟೆಸ್ಟ್ ಒಂದೇ. ಟೂಲ್ ಇದನ್ನು ಪೂರ್ತಿ ಹಸಿರು ಅಂದರೆ ಬ್ರಾಂಚ್ ಆನ್ ಆಗಿಲ್ಲ, ಇಲ್ಲವೇ ಎಲ್ಸ್ ಇಲ್ಲದ ದಾರಿಯನ್ನು ಆ ಟೂಲ್ ಎಣಿಸುವುದೇ ಇಲ್ಲ. ಆಮೇಲೆ ಒಂದೇ ಸಾಲಿನಲ್ಲಿ "ಹೌದಾದರೆ ಇದು, ಇಲ್ಲವಾದರೆ ಅದು" ಅಂತ ಮುಗಿಯುವ ಟರ್ನರಿ, ಅರ್ಧ ದಾರಿ ಮಾತ್ರ ಟೆಸ್ಟ್ ಮಾಡಿ. ಇಸ್ತಾಂಬುಲ್ ಮತ್ತು ಜಾಕೊಕೊ ಇದನ್ನು ಹಿಡಿಯುತ್ತವೆ. ಕವರೇಜ್.ಪೈ ಬ್ರಾಂಚ್ ಆನ್ ಇದ್ದರೂ ಹಿಡಿಯುವುದಿಲ್ಲ, ಯಾಕೆಂದರೆ ಅದು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹಾರಿದ್ದನ್ನು ಎಣಿಸುತ್ತದೆ, ಸಾಲಿನ ಒಳಗಿನ ಹಾರಾಟ ಅದಕ್ಕೆ ಕಾಣುವುದಿಲ್ಲ. ಇದು ಗೊತ್ತಿದ್ದರೆ ಸಾಕು, ಟೂಲ್ ಬದಲಾಯಿಸಬೇಕಿಲ್ಲ.

ಮೂರನೆಯದು, ಎಕ್ಸೆಪ್ಷನ್ ಎಸೆಯುವ ಇನ್ನೊಂದು ಫಂಕ್ಷನನ್ನು ಕರೆಯುವ ಸಾಲು. ಯಾವ ಬಣ್ಣ ಬರುತ್ತದೆ ಅಂತ ಬರೆದಿಟ್ಟುಕೊಳ್ಳಿ. ನಾಲ್ಕನೆಯದು, ಯಾರೂ ಕರೆಯದ ಫಂಕ್ಷನ್. ಇದು ಕೆಂಪಾಗದಿದ್ದರೆ ಏನೋ ಮೂಲದಲ್ಲೇ ತಪ್ಪಿದೆ.

ಐದನೆಯದೇ ನನಗೆ ಅತಿ ಮುಖ್ಯ: ಅದೇ ಫೋಲ್ಡರ್‌ನಲ್ಲಿ ಯಾವ ಟೆಸ್ಟೂ ಮುಟ್ಟದ ಎರಡನೇ ಫೈಲ್. ರಿಪೋರ್ಟ್‌ನಲ್ಲಿ ಅದು ಸೊನ್ನೆ ಪರ್ಸೆಂಟ್ ಅಂತ ಬರಬೇಕು. ಬರದಿದ್ದರೆ ನನಗೆ ಆದ ಕಥೆಯೇ ನಿಮಗೂ ಆಗುತ್ತದೆ. ಕವರೇಜ್.ಪೈನಲ್ಲಿ ಸೋರ್ಸ್ ಎಲ್ಲಿದೆ ಅಂತ ಹೇಳುವ ಸೆಟ್ಟಿಂಗ್ ಕೊಡಿ. ಜೆಸ್ಟ್‌ನಲ್ಲಿ ಯಾವ ಫೈಲುಗಳಿಂದ ಕವರೇಜ್ ಸಂಗ್ರಹಿಸಬೇಕು ಅನ್ನುವ ಪಟ್ಟಿ ಕೊಡಿ. ರೂಬಿಯ ಸಿಂಪಲ್‌ಕವ್‌ನಲ್ಲೂ ಇಂಥದೇ ಪಟ್ಟಿ ಇದೆ, ಜೊತೆಗೆ ಅದನ್ನು ನಿಮ್ಮ ಆ್ಯಪ್ ಕೋಡ್ ಲೋಡ್ ಆಗುವ ಮುಂಚೆಯೇ ಶುರು ಮಾಡಬೇಕು, ಆಮೇಲೆ ಶುರು ಮಾಡಿದರೆ ಆಗಲೇ ಲೋಡ್ ಆದದ್ದು ಅದಕ್ಕೆ ಕಾಣುವುದಿಲ್ಲ. ಗೋನಲ್ಲಿ ಟೆಸ್ಟ್ ಫೈಲೇ ಇಲ್ಲದ ಪ್ಯಾಕೇಜ್‌ಗಳು 1.22 ಆವೃತ್ತಿಯಿಂದ ಸೊನ್ನೆ ಅಂತ ಕಾಣಲು ಶುರುವಾದವು. ಅಲ್ಲೇ ಇನ್ನೊಂದು ಗುಂಡಿ ಇದೆ: ಒಂದು ಪ್ಯಾಕೇಜ್‌ನ ಟೆಸ್ಟ್ ಇನ್ನೊಂದು ಪ್ಯಾಕೇಜ್‌ನ ಕೋಡ್ ಓಡಿಸಿದರೆ, ಕವರ್‌ಪಿಕೆಜಿ ಆಪ್ಷನ್ ಕೊಡದಿದ್ದರೆ ಅದು ಎಣಿಕೆಗೆ ಬರುವುದಿಲ್ಲ.

ಕೊನೆಗೆ ಒಂದು ತಮಾಷೆ ಮಾಡಿ. ಎಲ್ಲ ಫಂಕ್ಷನ್ ಕರೆಯುವ, ಆದರೆ ಒಂದೂ ಅಸರ್ಟ್ (ಉತ್ತರ ಸರಿಯಿದೆಯಾ ಅಂತ ನೋಡುವ ಸಾಲು) ಇಲ್ಲದ ಟೆಸ್ಟ್ ಬರೆಯಿರಿ. ಹೆಚ್ಚುಕಡಿಮೆ ಎಲ್ಲ ಹಸಿರಾಗುತ್ತದೆ. ಅದನ್ನು ಟೀಮ್‌ಗೆ ತೋರಿಸಿ. ಯಾವ ಕವರೇಜ್ ಟೂಲ್ ಕೂಡ ಇದನ್ನು ಹಿಡಿಯುವುದಿಲ್ಲ. ಅದಕ್ಕೆ ಮ್ಯೂಟೇಷನ್ ಟೆಸ್ಟಿಂಗ್ ಬೇಕು, ಜಾವಾಗೆ ಪಿಟ್, ಜಾವಾಸ್ಕ್ರಿಪ್ಟ್ ಮತ್ತು ಡಾಟ್‌ನೆಟ್‌ಗೆ ಸ್ಟ್ರೈಕರ್, ಪೈಥಾನ್‌ಗೆ ಮಟ್‌ಮಟ್. ಇವು ನಿಮ್ಮ ಕೋಡನ್ನು ಬೇಕಂತಲೇ ಅಲ್ಲಲ್ಲಿ ಕೆಡಿಸಿ ಟೆಸ್ಟ್ ಫೇಲ್ ಆಗುತ್ತದಾ ನೋಡುತ್ತವೆ. ತುಂಬಾ ನಿಧಾನ. ಇಡೀ ಪ್ರಾಜೆಕ್ಟ್‌ಗೆ ಬೇಡ, ದುಡ್ಡಿನ ಲೆಕ್ಕ ಮಾಡುವ ಭಾಗಕ್ಕೋ ಪರ್ಮಿಷನ್ ನೋಡುವ ಭಾಗಕ್ಕೋ ಸಾಕು.

ಹಂತ 6: ಈಗ ನಿಜವಾದ ಪ್ರಾಜೆಕ್ಟ್

ಮೊದಲು ಸಮಯ ನೋಡಿ. ಕವರೇಜ್ ಇಲ್ಲದೆ ಟೆಸ್ಟ್‌ಗೆ ಎಷ್ಟು ಹೊತ್ತು, ಇಟ್ಟರೆ ಎಷ್ಟು ಹೊತ್ತು, ಮೂರು ಸಲ ಓಡಿಸಿ ಬರೆದುಕೊಳ್ಳಿ. ವ್ಯತ್ಯಾಸ ದೊಡ್ಡದಿದ್ದರೆ ಜನ ತಮ್ಮ ಮಷೀನ್‌ನಲ್ಲಿ ಅದನ್ನು ಆಫ್ ಮಾಡುತ್ತಾರೆ, ಇದು ಖಂಡಿತ. ಆಗ ಕವರೇಜ್ ಬರೀ ಸಿಐ ಸರ್ವರ್‌ನ (ಪ್ರತಿ ಬದಲಾವಣೆಗೂ ಟೆಸ್ಟುಗಳನ್ನು ತಾನೇ ಓಡಿಸುವ ಮಷೀನ್‌ನ) ಸಂಗತಿಯಾಗುತ್ತದೆ, ಟೆಸ್ಟ್ ಬರೆಯುವಾಗ ಯಾರ ಕಣ್ಣಿಗೂ ಬೀಳುವುದಿಲ್ಲ.

ಆಮೇಲೆ ಸೇರಿಸುವ ಕೆಲಸ. ಟೆಸ್ಟುಗಳನ್ನು ನಾಲ್ಕು ಮಷೀನ್‌ಗಳಲ್ಲಿ ಹಂಚಿ ಓಡಿಸುತ್ತೀರಾ? ನಾಲ್ಕು ತುಂಡು ಲೆಕ್ಕ ಬರುತ್ತದೆ, ಒಂದಾಗಿಸಬೇಕು. ಕವರೇಜ್.ಪೈನಲ್ಲಿ ಪ್ಯಾರಲಲ್ ಸೆಟ್ಟಿಂಗ್ ಇಟ್ಟು ಕೊನೆಗೆ ಕಂಬೈನ್ ಕಮಾಂಡ್ ಕೊಡಬೇಕು, ಪ್ಯಾರಲಲ್ ಮರೆತರೆ ಒಂದು ಪ್ರೊಸೆಸ್ ಇನ್ನೊಂದರ ಫೈಲ್ ಮೇಲೆ ಬರೆದುಬಿಡುತ್ತದೆ. ಎಲ್‌ಎಲ್‌ವಿಎಂನಲ್ಲಿ ಪ್ರೊಫೈಲ್ ಫೈಲುಗಳನ್ನು ಮರ್ಜ್ ಮಾಡುವ ಹೆಜ್ಜೆ ಹೇಗೂ ಇದ್ದೇ ಇದೆ. ಜಾಕೊಕೊದಲ್ಲಿ ಕೂಡ ಮರ್ಜ್ ಆಗುತ್ತದೆ, ಆದರೆ ಒಂದು ಷರತ್ತು: ಟೆಸ್ಟ್ ಓಡಿದ ಕ್ಲಾಸ್ ಫೈಲುಗಳೂ ರಿಪೋರ್ಟ್ ಮಾಡುವಾಗಿನ ಕ್ಲಾಸ್ ಫೈಲುಗಳೂ ಬೈಟ್‌ಗೆ ಬೈಟ್ ಒಂದೇ ಆಗಿರಬೇಕು. ನಡುವೆ ಮತ್ತೆ ಕಂಪೈಲ್ ಆಗಿ ಏನಾದರೂ ಬದಲಾದರೆ "ಲೆಕ್ಕಕ್ಕೂ ಕ್ಲಾಸ್‌ಗೂ ಹೊಂದುತ್ತಿಲ್ಲ" ಅಂತ ಒಂದು ಎಚ್ಚರಿಕೆ ಬರೆದು, ಆ ಕ್ಲಾಸನ್ನು ಸೊನ್ನೆ ಅಂತ ತೋರಿಸುತ್ತದೆ. ಎಚ್ಚರಿಕೆ ಲಾಗ್‌ನ ಮಧ್ಯದಲ್ಲೆಲ್ಲೋ ಇರುತ್ತದೆ, ಯಾರು ಓದುತ್ತಾರೆ?

ಜಾವಾ ಬಿಲ್ಡ್‌ಗೆ ಮೇವನ್ ಬಳಸುವವರಿಗೆ ಇನ್ನೊಂದು ಮಾತು. ಅದರಲ್ಲಿ ಟೆಸ್ಟ್ ಓಡಿಸುವ ಶ್ಯೂರ್‌ಫೈರ್‌ನ ಸೆಟ್ಟಿಂಗ್‌ನಲ್ಲಿ ಮೆಮೊರಿ ಹೆಚ್ಚಿಸಲು ಯಾರೋ ಆರ್ಗ್‌ಲೈನ್ (ಜಾವಾಗೆ ಕೊಡುವ ಆಪ್ಷನ್‌ಗಳ ಸಾಲು) ಬರೆದಿದ್ದರೆ ಜಾಕೊಕೊ ಅಲ್ಲಿ ಇಟ್ಟಿದ್ದ ಏಜೆಂಟ್ ಅಳಿಸಿಹೋಗುತ್ತದೆ. ಬಿಲ್ಡ್ ಪಾಸ್, ಟೆಸ್ಟ್ ಪಾಸ್, ಕವರೇಜ್ ಮಾತ್ರ ಇಲ್ಲ. ಜಾಕೊಕೊ ಇಟ್ಟಿದ್ದನ್ನೂ ಉಳಿಸಿಕೊಳ್ಳುವ ಹಾಗೆ ಆ ಸಾಲನ್ನು ಬರೆಯಬೇಕು. ಇದಕ್ಕೆ ನಾನು ಕಳೆದ ಗಂಟೆಗಳನ್ನು ಲೆಕ್ಕ ಹಾಕಲು ಇಷ್ಟವಿಲ್ಲ.

ಇಂಟಿಗ್ರೇಷನ್ ಟೆಸ್ಟ್ ಕೂಡ ಎಣಿಸಬೇಕಾ ಅನ್ನುವುದನ್ನೂ ಈಗಲೇ ತೀರ್ಮಾನಿಸಿ. ಜಾವಾದಲ್ಲಿ ಏಜೆಂಟನ್ನು ಸರ್ವರ್‌ಗೇ ಅಂಟಿಸಬಹುದು. ಗೋನಲ್ಲಿ 2023ರ 1.20 ಆವೃತ್ತಿಯಿಂದ ಇಡೀ ಬೈನರಿಯನ್ನೇ ಕವರೇಜ್ ಜೊತೆ ಬಿಲ್ಡ್ ಮಾಡಬಹುದು. ಸಾಧ್ಯ ಅಂತ ಎರಡನ್ನೂ ಒಂದೇ ನಂಬರ್‌ಗೆ ಸುರಿಯಬೇಡಿ. ಲಾಗಿನ್ ಆಗಿ ಒಂದು ಪುಟ ತೆರೆಯುವ ಒಂದೇ ಟೆಸ್ಟ್ ಅರ್ಧ ಕೋಡ್‌ಬೇಸ್‌ಗೆ ಹಸಿರು ಬಳಿಯುತ್ತದೆ. ಯೂನಿಟ್ ಬೇರೆ, ಇಂಟಿಗ್ರೇಷನ್ ಬೇರೆ ಅಂತ ಎರಡು ರಿಪೋರ್ಟ್ ಇಡುವುದು ವಾಸಿ.

ಇನ್ನು ಬಿಟ್ಟುಬಿಡಬೇಕಾದ ಕೋಡ್. ಟೂಲ್‌ಗಳು ಹುಟ್ಟಿಸುವ ಕೋಡ್, ಡೇಟಾಬೇಸ್ ಮೈಗ್ರೇಷನ್ ಇಂಥವನ್ನು ಛೇದದಿಂದ ತೆಗೆಯುವುದು ನ್ಯಾಯವೇ. ಜಾವಾದಲ್ಲಿ ಗೆಟರ್, ಸೆಟರ್‌ಗಳನ್ನು ತಾನೇ ಹುಟ್ಟಿಸುವ ಲಾಂಬಾಕ್ ಬಳಸುವವರು ಅದರ ಕಾನ್ಫಿಗ್‌ನಲ್ಲಿ ಜನರೇಟೆಡ್ ಗುರುತು ಹಾಕು ಅಂತ ಹೇಳಿದರೆ ಜಾಕೊಕೊ ಆ ಗೆಟರ್, ಸೆಟರ್‌ಗಳನ್ನು ತಾನೇ ಬಿಡುತ್ತದೆ. ಆದರೆ ಬಿಡುವ ಪಟ್ಟಿ ಎಲ್ಲಿರುತ್ತದೆ ಅನ್ನುವುದನ್ನು ನೋಡಿ ಟೂಲ್ ಆರಿಸಿ. ಅದು ರೆಪೊ (ಕೋಡ್ ಇರುವ ಗಿಟ್ ಸಂಗ್ರಹ) ಒಳಗಿನ ಫೈಲಿನಲ್ಲಿದ್ದರೆ ಯಾರು ಯಾವಾಗ ಸೇರಿಸಿದರು ಅಂತ ಗಿಟ್ ಹೇಳುತ್ತದೆ. ಯಾವುದೋ ಡ್ಯಾಶ್‌ಬೋರ್ಡ್‌ನ ಸೆಟ್ಟಿಂಗ್ಸ್ ಪುಟದಲ್ಲಿದ್ದರೆ, ಒಂದು ಶುಕ್ರವಾರ ಸಂಜೆ ಯಾರೋ ಒಂದು ಫೋಲ್ಡರ್ ಸೇರಿಸುತ್ತಾರೆ, ಕವರೇಜ್ ಏರುತ್ತದೆ, ಯಾಕೆ ಅಂತ ಯಾರಿಗೂ ತಿಳಿಯುವುದಿಲ್ಲ.

ಹಂತ 7: ರಿಪೋರ್ಟ್ ಓದುವವರು ಯಾರು, ಎಲ್ಲಿ

ಎಚ್‌ಟಿಎಂಎಲ್ ರಿಪೋರ್ಟನ್ನು ಮೊದಲ ವಾರ ಎಲ್ಲರೂ ತೆರೆಯುತ್ತಾರೆ. ಎರಡನೇ ತಿಂಗಳು ಯಾರೂ ತೆರೆಯುವುದಿಲ್ಲ. ಕೆಂಪು ಸಾಲು ಕೆಲಸಕ್ಕೆ ಬರುವುದು ಅದು ಪುಲ್ ರಿಕ್ವೆಸ್ಟ್‌ನಲ್ಲಿ, ಬದಲಾದ ಸಾಲಿನ ಪಕ್ಕದಲ್ಲೇ ಕಂಡಾಗ. ಹಾಗಾಗಿ ಟೂಲ್ ಯಾವ ಫಾರ್ಮ್ಯಾಟ್‌ನಲ್ಲಿ ಬರೆಯುತ್ತದೆ ಅನ್ನುವುದು ಅದರ ಸ್ವಂತ ರಿಪೋರ್ಟ್‌ನ ಚೆಂದಕ್ಕಿಂತ ಮುಖ್ಯ. ಎಲ್‌ಕವ್ ಫಾರ್ಮ್ಯಾಟ್ ಅಥವಾ ಕೊಬರ್ಟುರಾ ಎಕ್ಸ್‌ಎಂಎಲ್, ಈ ಎರಡರಲ್ಲಿ ಒಂದು ಬಂದರೆ ಮುಂದಿನ ದಾರಿ ಸಲೀಸು. ಗಿಟ್‌ಲ್ಯಾಬ್ ಕೊಬರ್ಟುರಾ ಎಕ್ಸ್‌ಎಂಎಲ್ ಓದಿ ಬದಲಾದ ಸಾಲುಗಳ ಪಕ್ಕ ಗುರುತು ಹಾಕುತ್ತದೆ. ಡಿಫ್-ಕವರ್ ಅನ್ನುವ ಪುಟ್ಟ ಟೂಲ್ ಗಿಟ್ ಡಿಫ್ ಮತ್ತು ಕವರೇಜ್ ಫೈಲ್ ಎರಡನ್ನೂ ಹೋಲಿಸಿ ಹೊಸ ಸಾಲುಗಳಲ್ಲಿ ಎಷ್ಟು ಓಡಿವೆ ಅಂತ ಹೇಳುತ್ತದೆ. ಚಿಕ್ಕ ಟೀಮ್‌ಗೆ ಇಷ್ಟೇ ಸಾಕು.

ಕೋಡ್‌ಕವ್, ಕವರಾಲ್ಸ್, ಸೋನಾರ್‌ಕ್ಯೂಬ್ ಇವೆಲ್ಲ ಅಳೆಯುವ ಟೂಲುಗಳಲ್ಲ, ಬೇರೆ ಟೂಲ್ ಅಳೆದದ್ದನ್ನು ತಗೊಂಡು ತೋರಿಸುವಂಥವು. ಈ ವ್ಯತ್ಯಾಸ ಗೊತ್ತಿಲ್ಲದೆ "ನಾವು ಸೋನಾರ್ ಬಳಸುತ್ತೇವೆ, ಇನ್ನೊಂದು ಯಾಕೆ" ಅನ್ನುವವರನ್ನು ತುಂಬಾ ನೋಡಿದ್ದೇನೆ. ಹಲವು ರೆಪೊಗಳಿದ್ದು, ಹಲವು ಭಾಷೆಗಳಿದ್ದು, ಇತಿಹಾಸವೂ ಬೇಕು ಅಂದರೆ ಇವು ಉಪಯೋಗ. ಹೊರಗಿನ ಸೇವೆಯಾದರೆ ಒಂದು ಎಚ್ಚರಿಕೆ. 2021ರಲ್ಲಿ ಕೋಡ್‌ಕವ್‌ನ ಬ್ಯಾಶ್ ಅಪ್ಲೋಡರ್ ಸ್ಕ್ರಿಪ್ಟನ್ನು ಯಾರೋ ತಿದ್ದಿ, ಅದನ್ನು ಓಡಿಸಿದ ಸಿಐಗಳಿಂದ ಎನ್ವಿರಾನ್ಮೆಂಟ್ ವೇರಿಯಬಲ್‌ಗಳು (ಪಾಸ್‌ವರ್ಡ್, ಟೋಕನ್ ಇಡುವ ಜಾಗ) ಹೊರಗೆ ಹೋಗುವ ಹಾಗೆ ಮಾಡಿದ್ದರು. ಜನವರಿ ಕೊನೆಯಿಂದ ಏಪ್ರಿಲ್ 1ರವರೆಗೆ ಅದು ಬೆಳಕಿಗೆ ಬರಲಿಲ್ಲ. ಯಾವ ಸೇವೆಯಾದರೂ ಸರಿ, ಇಂಟರ್‌ನೆಟ್‌ನಿಂದ ಎಳೆದು ನೇರ ಓಡಿಸುವ ಸ್ಕ್ರಿಪ್ಟ್ ಬೇಡ. ಆವೃತ್ತಿ ಹೇಳಿ, ಚೆಕ್‌ಸಮ್ (ಫೈಲ್ ಬದಲಾಗಿಲ್ಲ ಅಂತ ತೋರಿಸುವ ಗುರುತು) ನೋಡಿ, ಅಪ್ಲೋಡ್ ಮಾಡುವ ಜಾಬ್‌ಗೆ ಅಪ್ಲೋಡ್ ಟೋಕನ್ ಬಿಟ್ಟು ಬೇರೆ ಯಾವ ಗುಟ್ಟೂ ಕೊಡಬೇಡಿ.

ಹಂತ 8: ಮಿತಿ ಹಾಕುವುದಾದರೆ

ಗೂಗಲ್‌ನವರು 2020ರಲ್ಲಿ ತಮ್ಮ ಟೆಸ್ಟಿಂಗ್ ಬ್ಲಾಗ್‌ನಲ್ಲಿ ಒಳಗೆ ಬಳಸುವ ಅಂದಾಜು ಹಂಚಿಕೊಂಡಿದ್ದರು: 60 ಪರ್ಸೆಂಟ್ ಪರವಾಗಿಲ್ಲ, 75 ಚೆನ್ನಾಗಿದೆ, 90 ಮಾದರಿ. ಅದನ್ನು ಹಾಗೇ ಎತ್ತಿ ನಿಮ್ಮ ಸಿಐಗೆ ಹಾಕಬೇಡಿ, ನಿಮ್ಮ ಛೇದ ಬೇರೆ. ಇವತ್ತು ಎಷ್ಟಿದೆಯೋ ಅದಕ್ಕಿಂತ ಕೆಳಗೆ ಇಳಿಯಬಾರದು, ಮತ್ತು ಹೊಸ ಸಾಲುಗಳಲ್ಲಿ ಎಂಬತ್ತಾದರೂ ಓಡಿರಬೇಕು, ಇಷ್ಟು ಹಾಕಿ ನೋಡಿ. ಆ ಎಂಬತ್ತು ನನ್ನ ಅಂದಾಜು, ನಿಮ್ಮ ಟೀಮ್ ಎಪ್ಪತ್ತು ಅಂದರೂ ಜಗಳವಿಲ್ಲ. ಎರಡನ್ನೂ ನಿಮ್ಮ ಟೂಲ್ ಮಾಡಬಲ್ಲದಾ? ಕವರೇಜ್.ಪೈ, ಜೆಸ್ಟ್, ಜಾಕೊಕೊ ಎಲ್ಲಕ್ಕೂ ಮೊದಲನೆಯದು ಬರುತ್ತದೆ. ಎರಡನೆಯದಕ್ಕೆ ಮೇಲೆ ಹೇಳಿದ ಡಿಫ್-ಕವರ್ ಅಥವಾ ಯಾವುದಾದರೂ ಸೇವೆ ಬೇಕಾಗಬಹುದು.

ದಾಟಿ ಹೋಗಲು ಒಂದು ಬಾಗಿಲು ಕೂಡ ಇಡಿ. ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್ ಬಿದ್ದಿರುವಾಗ ಒಂದು ಸಾಲಿನ ಫಿಕ್ಸ್‌ಗೆ ಕವರೇಜ್ ಗೇಟ್ ಅಡ್ಡ ನಿಂತರೆ, ಮರುದಿನ ಬೆಳಿಗ್ಗೆ ಟೀಮ್ ಮಾಡುವ ಮೊದಲ ಕೆಲಸ ಆ ಗೇಟನ್ನೇ ಕಿತ್ತು ಹಾಕುವುದು.

ಎಲ್ಲ ಆದ ಮೇಲೆ ಟೂಲ್‌ನ ಆವೃತ್ತಿಯನ್ನು ಗಟ್ಟಿ ಮಾಡಿ, ತಾನೇ ಅಪ್‌ಗ್ರೇಡ್ ಆಗಲು ಬಿಡಬೇಡಿ. ಜಾಕೊಕೊ 0.8.0 ಬಂದಾಗ ಕಂಪೈಲರ್ ಹುಟ್ಟಿಸುವ ಒಂದಷ್ಟು ಕೋಡನ್ನು ಲೆಕ್ಕದಿಂದ ಬಿಡಲು ಶುರು ಮಾಡಿತು. ನಿಮ್ಮ ಕೋಡ್ ಒಂದಕ್ಷರ ಬದಲಾಗದಿದ್ದರೂ ಪರ್ಸೆಂಟೇಜ್ ಬದಲಾಗುತ್ತಿತ್ತು. ಹಾಗಾಗಿ ಟೂಲ್ ಅಪ್‌ಗ್ರೇಡ್ ಮಾಡುವ ಕಮಿಟ್‌ನಲ್ಲಿ ಅದೊಂದೇ ಇರಲಿ. ಆ ಇಪ್ಪತ್ತು ಸಾಲಿನ ಫೈಲನ್ನು ರೆಪೊದಲ್ಲೇ ಇಟ್ಟುಕೊಂಡು ಹಳೇ ಆವೃತ್ತಿಯಲ್ಲೊಮ್ಮೆ, ಹೊಸದರಲ್ಲೊಮ್ಮೆ ಓಡಿಸಿ. ಯಾವ ಸಾಲಿನ ಬಣ್ಣ ಬದಲಾಯಿತು ಅಂತ ಕಮಿಟ್ ಮೆಸೇಜ್‌ನಲ್ಲೇ ಬರೆದಿಡಿ.